ಲಾಟರಿ ಹೊಡೆದರೆ ಹೆಸರು ಮುಚ್ಚಿಡಬಹುದಾ?

ಪ್ರಶ್ನೆ: ಕಾಸರಗೋಡಿನಲ್ಲಿ ಕೆಲಸ ಮಾಡುತ್ತೇನೆ. ಕೇರಳ ಸರ್ಕಾರದ ಓಣಂ ಬಂಪರ್ ಲಾಟರಿ ಟಿಕೆಟ್ ತಗೊಂಡಿದ್ದೇನೆ. ಅಕಸ್ಮಾತ್ ದೊಡ್ಡ ಬಹುಮಾನ ಬಂದರೆ ಯಾರಿಗೂ ಗೊತ್ತಾಗದ ಹಾಗೆ ದುಡ್ಡು ಪಡೆಯಬಹುದಾ ಸಾರ್?

ಉತ್ತರ: ಪೂರ್ತಿ ಗುಟ್ಟು ಕಷ್ಟ. ಲಾಟರಿ ಇಲಾಖೆಗೆ, ಬ್ಯಾಂಕಿಗೆ, ತೆರಿಗೆಯವರಿಗೆ ಗೊತ್ತಾಗಲೇಬೇಕು, 30% ಟಿಡಿಎಸ್ (ದುಡ್ಡು ಕೊಡುವ ಮೊದಲೇ ಹಿಡಿಯುವ ತೆರಿಗೆ) ಕಡಿತವೂ ಇದೆ. ಆದರೆ ಹೆಸರು ಹೊರಗೆ ಬಿಡಬೇಡಿ ಎಂದು ಲಾಟರಿ ಇಲಾಖೆಯನ್ನು ಕೇಳಬಹುದು, 2023ರಲ್ಲಿ ಕೇರಳದ 16 ಕೋಟಿ ಬಂಪರ್ ಗೆದ್ದವರು ಹಾಗೇ ಕೇಳಿಕೊಂಡಿದ್ದರು. 2022ರಲ್ಲಿ 25 ಕೋಟಿ ಗೆದ್ದ ಆಟೋ ಚಾಲಕರಿಗಂತೂ ದುಡ್ಡಿನ ಸಹಾಯ ಕೇಳುವವರ ಕಾಟಕ್ಕೆ ಮನೆಯಲ್ಲಿ ಇರುವುದೇ ಕಷ್ಟವಾಗಿತ್ತು! ಫಲಿತಾಂಶ ಬಂದ ಕೂಡಲೇ ಟಿಕೆಟ್ ಹಿಂದೆ ಹೆಸರು, ವಿಳಾಸ ಬರೆದು ಸಹಿ ಹಾಕಿ. ನೇರ ಬ್ಯಾಂಕಿಗೆ ಹೋಗಿ. ಟಿಕೆಟ್ ಮಾರಿದ ಅಂಗಡಿಗೆ ಖುಷಿ ಹಂಚಲು ಓಡಬೇಡಿ, ಟಿವಿಯವರು ಮೊದಲು ಬಂದು ನಿಲ್ಲುವುದೇ ಅಲ್ಲಿ. ವಾಟ್ಸಾಪ್‌ನಲ್ಲಿ ಟಿಕೆಟ್ ಫೋಟೋ? ಮನೆ ಗ್ರೂಪಿಗೂ ಬೇಡ, ಭಾವಮೈದುನ ಇದ್ದಾರಲ್ವಾ.