ಹಿಮ್ಮಡಿಯ ಹನಿ ರಕ್ತ

ಚಿಂತಾಮಣಿಯಿಂದ ಅಜ್ಜಿಯೊಬ್ಬರು ಬರೆದಿರುವ ಕಾಗದದ ಸಾರ ಇಷ್ಟು. ಹಿರಿಮಗಳ ಹೆರಿಗೆ ತವರಿನಲ್ಲಾಯಿತು. ಖಾಸಗಿ ಆಸ್ಪತ್ರೆಯೊಂದರಲ್ಲಿ, ಹುಟ್ಟಿದ ಮರುದಿನವೇ ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದು ಮನೆಗೆ ಕಳಿಸಿದರು. ಯಾಕೆಂದು ಯಾರೂ ಹೇಳಲಿಲ್ಲ. ವಾರದ ಮೇಲೆ ‘ಥೈರಾಯ್ಡ್ ಹೆಚ್ಚುಕಡಿಮೆ ಇದೆ, ಮತ್ತೆ ಕರೆತನ್ನಿ’ ಎಂದು ಫೋನ್ ಬಂತು. ಅದೂ ಹೋದದ್ದು ಶಿಡ್ಲಘಟ್ಟದ ಅಳಿಯನಿಗೆ. ರೇಷ್ಮೆಗೂಡಿನ ಮಾರುಕಟ್ಟೆಯ ಗದ್ದಲದಲ್ಲಿದ್ದ ಆತ ಮನೆಗೆ ತಿಳಿಸಿದ್ದು ಮರುದಿನ. ಎರಡನೆಯ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. “ಗುಂಡುಕಲ್ಲಿನಂಥ ಕೂಸಿಗೆ ಇದೆಲ್ಲ ಬೇಕಿತ್ತೇ? ಈಗ ಕಿರಿಮಗಳಿಗೆ ಏಳು ತಿಂಗಳು. ಅವಳ ಮಗುವಿಗೆ ಬೇಡ ಎಂದುಬಿಡಲೇ?”

ಅಮ್ಮಾ, ಆ ಎರಡನೆಯ ವರದಿ ಬರುವ ತನಕ ನಿಮ್ಮ ಮನೆಯಲ್ಲಿ ಯಾರೂ ಕಣ್ಣು ಮುಚ್ಚಿರಲಾರಿರಿ. ಚುಚ್ಚುವ ಮೊದಲು ಬಾಣಂತಿಗೆ ನಾಲ್ಕು ಮಾತು ಹೇಳದಿದ್ದದ್ದು ಆಸ್ಪತ್ರೆಯವರ ತಪ್ಪೇ. ಆದರೂ ಬೇಡ ಎನ್ನಬೇಡಿ.

ಥೈರಾಯ್ಡ್ ಗ್ರಂಥಿ ಸರಿಯಾಗಿ ಬೆಳೆಯದ ಮಗುವೂ ಹುಟ್ಟಿದಾಗ ಗುಂಡುಕಲ್ಲಿನಂತೆಯೇ ಇರುತ್ತದೆ. ಹೊಟ್ಟೆಯಲ್ಲಿದ್ದಾಗ ತಾಯಿಯ ಹಾರ್ಮೋನು ಅಷ್ಟಿಷ್ಟು ಅದಕ್ಕೂ ಸಿಕ್ಕಿರುತ್ತದೆ. ಆಮೇಲೆ ಮೆಲ್ಲಗೆ ಮಂಕಾಗುತ್ತ ಹೋಗುತ್ತದೆ. ನಿದ್ದೆ ಹೆಚ್ಚು, ಅಳು ಕಡಿಮೆ, ಹಾಲಿಗೆ ಹಟವಿಲ್ಲ, ಮಲ ಕಟ್ಟುತ್ತದೆ, ಕಾಮಾಲೆ ಬೇಗ ಇಳಿಯುವುದಿಲ್ಲ. ನಾವೋ, ‘ಎಷ್ಟು ಒಳ್ಳೇ ಮಗು, ಬಾಣಂತಿಗೆ ಒಂದಿಷ್ಟೂ ಕಾಟ ಕೊಡೋದಿಲ್ಲ’ ಎಂದು ದೃಷ್ಟಿ ತೆಗೆಯುತ್ತೇವೆ. ನಾನು ಬೆಳೆದ ಕೋಲಾರದ ಬೀದಿಯಲ್ಲಿ ಹಾಗೆ ಹೊಗಳಿಸಿಕೊಂಡ ಹೆಣ್ಣುಮಗುವೊಂದಿತ್ತು. ಮೂರು ವರ್ಷ ತುಂಬಿದರೂ ನಡೆಯಲಿಲ್ಲವೆಂದು ತೋರಿಸಿದಾಗ ಕಾಯಿಲೆ ಗೊತ್ತಾಯಿತು. ಮಾತ್ರೆಯಿಂದ ಮೈ ಬೆಳೆಯಿತು, ಬುದ್ಧಿ ಬೆಳೆಯಲಿಲ್ಲ. ಅವಳ ತಾಯಿ ಇವತ್ತಿಗೂ ಅವಳ ಜಡೆ ಹಾಕುತ್ತಾರೆ.

ಎರಡು ವಾರದೊಳಗೆ ಲೆವೊಥೈರಾಕ್ಸಿನ್ ಮಾತ್ರೆ ಶುರುವಾದರೆ ಇಂಥ ಮಕ್ಕಳು ಬಹುಮಟ್ಟಿಗೆ ಉಳಿದವರಂತೆಯೇ ಓದಿ ಬೆಳೆಯುತ್ತಾರೆ. ಮಾತ್ರೆ ಪುಡಿಮಾಡಿ ಒಂದು ಚಮಚ ಎದೆಹಾಲಿನಲ್ಲಿ ಕಲಸಿ ಕುಡಿಸಿದರಾಯಿತು, ಬೆಲೆಯೂ ಹೆಚ್ಚಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ ಈ ತೊಂದರೆ ಸುಮಾರು 1,100 ಶಿಶುಗಳಿಗೆ ಒಂದರಂತೆ ಕಂಡಿದೆ.

ಮತ್ತೆ ಕರೆದದ್ದೇಕೆ? ಹುಟ್ಟಿದ ಕೆಲವೇ ಗಂಟೆಗಳಲ್ಲಿ ಎಲ್ಲ ಶಿಶುಗಳ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ದುಡಿಸುವ, ಅದು ಸೋತಾಗ ಏರುವ ಹಾರ್ಮೋನು) ಒಮ್ಮೆ ಜಿಗಿದು, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಅದಕ್ಕೇ 48ರಿಂದ 72 ಗಂಟೆಯ ನಡುವೆ ರಕ್ತ ತೆಗೆಯುವುದು ಒಳ್ಳೆಯದು. ನಿಮ್ಮ ಮೊಮ್ಮಗಳಿಗೆ ಮರುದಿನವೇ ತೆಗೆದಿದ್ದರಿಂದ ಹೀಗಾಗಿರಬೇಕು.

ದುಡ್ಡಿಗಾಗಿ ಹುಟ್ಟಿದ ಹೊಸ ಪದ್ಧತಿಯಂತೂ ಇದಲ್ಲ. ಅಮೆರಿಕದ ರಾಬರ್ಟ್ ಗಥ್ರಿ ರಕ್ತದ ಹನಿಯನ್ನು ಸೋಸುಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ದಾರಿ ತೋರಿಸಿದ್ದು 1960ರ ದಶಕದ ಆರಂಭದಲ್ಲಿ. ನಮ್ಮ ರಾಜ್ಯದಲ್ಲಿ 1980ರಲ್ಲೇ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಈ ಕೆಲಸ ಶುರುಮಾಡಿ ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದರು. ಅವರು ಹುಡುಕಿದ್ದು ಅಮೈನೋ ಆಮ್ಲಗಳನ್ನು, ಅಂದರೆ ಪ್ರೋಟೀನಿನ ತುಣುಕುಗಳನ್ನು, ಮೈ ಸರಿಯಾಗಿ ಬಳಸಿಕೊಳ್ಳಲಾಗದ ಹುಟ್ಟುದೋಷಗಳನ್ನು. ಸೋದರಮಾವನಿಗೆ ಕೊಟ್ಟು ತರುವ ನಮ್ಮ ಕಡೆಯ ಮನೆಗಳಲ್ಲಿ ಇಂಥವು ಹೆಚ್ಚು, ಗಂಡಹೆಂಡತಿ ಇಬ್ಬರಲ್ಲೂ ಒಂದೇ ದೋಷ ಅಡಗಿರುವ ಸಂಭವವಿರುವುದರಿಂದ. ಅದೇ ಹನಿಯಲ್ಲಿ ಜಿ6ಪಿಡಿ ಎಂಬ, ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವದ ಕೊರತೆಯನ್ನೂ ನೋಡಬಹುದು. ಆ ಮಕ್ಕಳ ಬಟ್ಟೆಯ ನಡುವೆ ನುಸಿಗುಳಿಗೆ ಇಡಬಾರದು, ರಕ್ತಕಣ ಒಡೆಯುತ್ತವೆ.

ನಿಮ್ಮ ಕಾಗದದಲ್ಲಿ ನನ್ನನ್ನು ಕಾಡಿದ್ದು ಬೇರೆ ಮಾತು, ಆ ಫೋನ್ ಹೋದ ದಾರಿ. ನಮ್ಮಲ್ಲಿ ಹೆರಿಗೆ ತವರಲ್ಲಿ, ಬರೆಸುವ ವಿಳಾಸ ಗಂಡನ ಮನೆಯದು, ನಂಬರು ಗಂಡನದು. ಬಾಣಂತಿ ಮೂರು ತಿಂಗಳೋ ಐದು ತಿಂಗಳೋ ಇರುವುದು ಇನ್ನೊಂದೂರಿನಲ್ಲಿ. ನಿಮ್ಮ ಮೊಮ್ಮಗಳಿಗೆ ನಿಜಕ್ಕೂ ಕಾಯಿಲೆ ಇದ್ದು, ಅಳಿಯ ಮರೆತೇಬಿಟ್ಟಿದ್ದರೆ? ಮಗುವನ್ನು ಮತ್ತೆ ಹುಡುಕಿ ಕರೆತರಲಾಗದಿದ್ದರೆ ಚುಚ್ಚಿದ್ದೇ ದಂಡ. ಹೆರಿಗೆಯಾದ ಮನೆಗೆ 3, 7, 14ನೇ ದಿನ ಆಶಾ ಕಾರ್ಯಕರ್ತೆ ಬರಬೇಕೆಂಬ ನಿಯಮವಿದೆ. ವರದಿ ಅವರ ಕೈಗೂ ಸೇರಿದರೆ ಯಾವ ಮಗುವೂ ತಪ್ಪಿಹೋಗದು ಎಂದು ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ಈ ಪುಟದಿಂದಲೇ ಬಿನ್ನವಿಸುತ್ತೇನೆ.

ಕಿರಿಮಗಳ ಹೆರಿಗೆಯಾದಾಗ ಮೂರನೆಯ ದಿನ ರಕ್ತ ತೆಗೆಸಿ. ಆಗದಿದ್ದರೆ, ಮೊದಲೇ ಮನೆಗೆ ಕಳಿಸಿದರೆ, ತಿರುಗಿ ಕರೆದೊಯ್ಯಿರಿ. ತಾಯಿ ಕಾರ್ಡಿನಲ್ಲಿ ಅಳಿಯನ ನಂಬರಿನ ಪಕ್ಕ ನಿಮ್ಮದನ್ನೂ ಬರೆಸಿ. ವರದಿ ಯಾವತ್ತು ಬರುತ್ತದೆಂದು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆ ದಿನ ಅವರಿಂದ ಫೋನ್ ಬಾರದಿದ್ದರೆ ನೀವೇ ಮಾಡಿ.