ರೇಡಿಯೇಷನ್ ಚಿಕಿತ್ಸೆಯ ಕೆಲಸಕ್ಕೆ ಪಿಯುಸಿಯಲ್ಲಿ ಯಾವ ಕಾಂಬಿನೇಷನ್?

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವ ಕೆಲಸಕ್ಕೇ ಹೋಗುತ್ತೇನೆ ಅಂತಾಳೆ. ಪಿಸಿಎಂಬಿ ಬೇಕಾ, ಪಿಸಿಎಂಸಿ ಸಾಕಾ? ಮೊದಲು ಟೆಕ್ನಾಲಜಿಸ್ಟ್ ಆಗಿ ಆಮೇಲೆ ಫಿಸಿಸಿಸ್ಟ್ ಆಗಬಹುದು ಅಂತ ಪರಿಚಯದವರು ಹೇಳುತ್ತಾರೆ, ನಿಜವೇ? ಈ ಕೆಲಸದಿಂದ ಅವಳ ಆರೋಗ್ಯಕ್ಕೆ ತೊಂದರೆಯಾದೀತೆ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಪಿಸಿಎಂಬಿ ಕೊಡಿಸಿ. ರೇಡಿಯೇಷನ್ ವಿಭಾಗದಲ್ಲಿ ಮೂರು ಮುಖ್ಯ ಕೆಲಸಗಳಿವೆ. ಎಲ್ಲಿಗೆ, ಎಷ್ಟು ಡೋಸ್ ಎಂದು ನಿರ್ಧರಿಸುವವರು ರೇಡಿಯೇಷನ್ ಆಂಕಾಲಜಿಸ್ಟ್. ಅದಕ್ಕೆ ನೀಟ್, ಎಂಬಿಬಿಎಸ್, ಎಂಡಿ. ಆ ಡೋಸ್ ಗಡ್ಡೆಗೇ ಬೀಳುವಂತೆ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ, ಯಂತ್ರವನ್ನೂ ಅಳೆದು ನೋಡುವವರು ಮೆಡಿಕಲ್ ಫಿಸಿಸಿಸ್ಟ್. ರೋಗಿಯನ್ನು ಮಲಗಿಸಿ ಯಂತ್ರ ನಡೆಸುವವರು ಟೆಕ್ನಾಲಜಿಸ್ಟ್. ಡಾಕ್ಟರಿಗೂ ಟೆಕ್ನಾಲಜಿಸ್ಟ್‌ಗೂ ಬಯಾಲಜಿ ಬೇಕು, ಫಿಸಿಸಿಸ್ಟ್‌ಗೆ ಗಣಿತ ಬೇಕು. ಹದಿನಾರರ ವಯಸ್ಸಿನಲ್ಲಿ ಇವುಗಳಲ್ಲಿ ಒಂದನ್ನು ಬಿಡುವುದು ಬೇಡ.

ಪರಿಚಯದವರ ಮಾತು ನಂಬಿ ಕೋರ್ಸ್ ಸೇರಿಸಬೇಡಿ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ) ಮೆಡಿಕಲ್ ಫಿಸಿಸಿಸ್ಟ್‌ಗೆ ಕೇಳುವುದು ಫಿಸಿಕ್ಸ್ ಮುಖ್ಯ ವಿಷಯವಾಗಿರುವ ಬಿಎಸ್ಸಿ. ಅದರ ಮೇಲೆ ಮೆಡಿಕಲ್ ಫಿಸಿಕ್ಸ್‌ನಲ್ಲಿ ಎಂಎಸ್ಸಿ, ಇಲ್ಲವೇ ಎಂಎಸ್ಸಿ ಫಿಸಿಕ್ಸ್ ಮುಗಿಸಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ (ಬಾರ್ಕ್) ಡಿಪ್ಲೊಮಾದಂಥ ಕೋರ್ಸ್. ಜೊತೆಗೆ ಒಂದು ವರ್ಷದ ಇಂಟರ್ನ್‌ಶಿಪ್. ರೇಡಿಯೋಥೆರಪಿ ಟೆಕ್ನಾಲಜಿಯ ಬಿಎಸ್ಸಿ ಆ ಫಿಸಿಕ್ಸ್ ಬಿಎಸ್ಸಿಯ ಜಾಗ ತುಂಬುವುದಿಲ್ಲ. ಪದವಿ ಮುಗಿದ ಮೇಲೆ ಇದು ಗೊತ್ತಾದರೆ ಮೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಟೆಕ್ನಾಲಜಿಸ್ಟ್ ಆಗುವುದೇ ಖಚಿತವಾದರೆ ಕೋರ್ಸಿನ ಹೆಸರನ್ನು ಸರಿಯಾಗಿ ಓದಿ. ‘ಇಮೇಜಿಂಗ್’ ಎಂದಿದ್ದರೆ ಅದು ಎಕ್ಸ್‌ರೇ, ಸ್ಕ್ಯಾನಿಂಗ್ ಕೆಲಸ. ಕಾಲೇಜಿನ ಆಸ್ಪತ್ರೆಯಲ್ಲಿ ಲೀನಿಯರ್ ಆಕ್ಸಿಲರೇಟರ್ (ಹೊರಗಿನಿಂದ ಕಿರಣ ಬಿಡುವ ಯಂತ್ರ) ಇದೆಯೇ, ಸಿಟಿ ಸಿಮ್ಯುಲೇಟರ್ (ಚಿಕಿತ್ಸೆಯ ಯೋಜನೆಗೆ ಸ್ಕ್ಯಾನ್ ತೆಗೆಯುವ ಯಂತ್ರ), ಬ್ರಾಕಿಥೆರಪಿ (ವಿಕಿರಣದ ಮೂಲವನ್ನು ಗಡ್ಡೆಯೊಳಗೆ ಅಥವಾ ಪಕ್ಕದಲ್ಲಿಟ್ಟು ಕೊಡುವ ಚಿಕಿತ್ಸೆ) ಇವೆಯೇ ಎಂದು ಹೋಗಿ ನೋಡಿ. ಯಂತ್ರವಿಲ್ಲದ ಕಡೆ ಈ ಕೆಲಸ ಕಲಿಯಲಾಗದು.

ಪಿಯುಸಿಯಲ್ಲಿ ಗಟ್ಟಿಮಾಡಿಕೊಳ್ಳಬೇಕಾದದ್ದು ವಿಲೋಮ ವರ್ಗ ನಿಯಮ (ದೂರದ ವರ್ಗಕ್ಕೆ ತಕ್ಕಂತೆ ಕಿರಣದ ತೀವ್ರತೆ ಇಳಿಯುವುದು), ಘಾತಾಂಕ, ತ್ರಿಕೋನಮಿತಿ. ಕಿರಣದ ಮೂಲದಿಂದ 100 ಸೆಂ.ಮೀ. ದೂರದಲ್ಲಿರಬೇಕಾದ ಚರ್ಮ 102ಕ್ಕೆ ಹೋದರೆ, ವಿಲೋಮ ವರ್ಗ ನಿಯಮದಿಂದಲೇ ಅಲ್ಲಿಯ ಡೋಸ್ ಸುಮಾರು ಶೇ 4 ಇಳಿಯುತ್ತದೆ. ಬ್ರಾಕಿಥೆರಪಿಯ ವಿಕಿರಣ ಮೂಲವಾದ ಇರಿಡಿಯಂ-192ರ ತೀವ್ರತೆ ಸುಮಾರು 74 ದಿನಕ್ಕೆ ಅರ್ಧವಾಗುತ್ತದೆ, ಆಗ ಅದೇ ಡೋಸಿಗೆ ದುಪ್ಪಟ್ಟು ಹೊತ್ತು ಬೇಕು. ಪರೀಕ್ಷೆಗೆಂದು ಉರುಹೊಡೆದವರು ಇಲ್ಲಿ ತಡವರಿಸುತ್ತಾರೆ.

ಕೈಚಳಕವೂ ಬೇಕು. ಕುತ್ತಿಗೆಯ ಕ್ಯಾನ್ಸರ್‌ನಲ್ಲಿ ತಲೆ ಅಲುಗದಂತೆ ಹಿಡಿಯುವ ಮುಖವಾಡ ಮಾಡುವಾಗ ಥರ್ಮೋಪ್ಲಾಸ್ಟಿಕ್ ಹಾಳೆಯನ್ನು ಸುಮಾರು 70 ಡಿಗ್ರಿ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ನೀರೊರೆಸಿ ಮುಖದ ಮೇಲೆ ಎಳೆದು ಕೂರಿಸುತ್ತಾರೆ. ಪೂರ್ತಿ ತಣಿಯುವ ಮೊದಲೇ ತೆಗೆದರೆ ಅದು ಕುಗ್ಗಿ ಮರುದಿನ ಬಿಗಿಯುತ್ತದೆ. ನುಂಗಲಾಗದೆ ರೋಗಿ ಸೊರಗಿದಾಗ ಅದೇ ಮುಖವಾಡ ಸಡಿಲವಾಗಿ, ತಲೆ ಒಳಗೇ ಹೊರಳುತ್ತದೆ. ದಿನಾ ಮಲಗಿಸುವ ಟೆಕ್ನಾಲಜಿಸ್ಟ್ ಇದನ್ನು ಕಂಡು ಹೇಳದಿದ್ದರೆ ಡೋಸ್ ಬೆನ್ನುಹುರಿಯತ್ತ ಸರಿಯಬಹುದು.

ಆರೋಗ್ಯದ ಆತಂಕ ಸಹಜ. ಸಿಬ್ಬಂದಿಗೆ ಎಇಆರ್‌ಬಿ ಇಟ್ಟಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷ 30 ಮೀರುವಂತಿಲ್ಲ. ಲೀನಿಯರ್ ಆಕ್ಸಿಲರೇಟರ್‌ನಲ್ಲಿ ಬೀಮ್ ಆನ್ ಮಾಡಿದಾಗಲಷ್ಟೇ ಚಿಕಿತ್ಸೆಯ ಕಿರಣ ಬರುತ್ತದೆ. ಆದರೆ ಕೋಬಾಲ್ಟ್ ಯಂತ್ರದೊಳಗೆ ವಿಕಿರಣ ಸೂಸುವ ಮೂಲ ಸದಾ ಇರುತ್ತದೆ. ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ (ತಗಲಿದ ವಿಕಿರಣ ಅಳೆಯುವ ಬ್ಯಾಡ್ಜ್) ಧರಿಸಬೇಕು, ಇನ್ನೊಬ್ಬರಿಗೆ ಕೊಡಬಾರದು. ಮರೆತು ಟ್ರೀಟ್‌ಮೆಂಟ್ ರೂಮಿನಲ್ಲಿ ಬಿಟ್ಟುಬಂದರೆ ಅವಳಿಗೆ ತಗಲದ ಡೋಸ್ ಅವಳ ಹೆಸರಿನಲ್ಲಿ ದಾಖಲಾಗುತ್ತದೆ. ಮುಂದೆ ಗರ್ಭಿಣಿಯಾದರೆ ಕೂಡಲೇ ರೇಡಿಯೇಷನ್ ಸೇಫ್ಟಿ ಆಫೀಸರ್‌ಗೆ ತಿಳಿಸಬೇಕು. ಆಮೇಲಿನ ತಿಂಗಳುಗಳಲ್ಲಿ ಶಿಶುವಿಗೆ ಮಿತಿ 1 ಮಿಲಿಸೀವರ್ಟ್.