ಕಾಯರ್ (ಹಲವು ದನಿಗಳಲ್ಲಿ ಒಟ್ಟಿಗೆ ಹಾಡುವ ಗಾಯನ ತಂಡ) ಜೊತೆ ವಿದೇಶಕ್ಕೆ ಹಾಡಲು ಹೋದರೆ ಊರು ನೋಡಲು ಸಮಯ ಸಿಗುತ್ತದೆಯೇ, ಅಥವಾ ದಿನವೆಲ್ಲ ಅಭ್ಯಾಸದಲ್ಲೇ ಕಳೆಯುತ್ತದೆಯೇ?

ಸಮಯ ಸಿಗುತ್ತದೆ. ಆದರೆ ಸಂಜೆ ಹಾಡುವುದಿದ್ದರೆ ಬೆಳಗಿನಿಂದಲೇ ಗಂಟಲು ಮತ್ತು ಕಾಲು ನಿಮ್ಮ ಮಾತು ಕೇಳುವುದಿಲ್ಲ, ನಿರ್ದೇಶಕರ ಮಾತು ಕೇಳುತ್ತವೆ. ನಾನು ಬೆಂಗಳೂರಿನ ಹವ್ಯಾಸಿ ಕಾಯರ್ ಒಂದರಲ್ಲಿ ಆಲ್ಟೊ, ಅಂದರೆ ಹೆಂಗಸರ ತಗ್ಗಿನ ದನಿ, ಹಾಡುತ್ತೇನೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಳೆದ ಒಂದು ಶುಕ್ರವಾರ ಹೇಗಿತ್ತು ಎಂದು ಹೇಳುತ್ತೇನೆ.

ಅಲ್ಲಿನ ಸಂತ ಥಾಮಸ್ ಚರ್ಚ್‌ನ ಸಂಗೀತದ ಹೊಣೆ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಸಂಗೀತ ರಚನಕಾರ ಬಾಖ್ ಅವರದಾಗಿತ್ತು. 1212ರಿಂದಲೂ ಇರುವ ಅಲ್ಲಿನ ಹುಡುಗರ ಕಾಯರ್ ಶುಕ್ರವಾರ ಸಂಜೆ ಆರಕ್ಕೆ ಮತ್ತು ಶನಿವಾರ ಮಧ್ಯಾಹ್ನ ಮೂರಕ್ಕೆ ಪ್ರಾರ್ಥನೆಯಲ್ಲಿ ಹಾಡುತ್ತದೆ. ಹುಡುಗರಿಗೆ ಬೇಸಿಗೆ ರಜೆ ಬಂದಾಗ ಅತಿಥಿಗಳಿಗೆ ಅವಕಾಶ. ನಮಗೂ ಹಾಗೆಯೇ ಸಿಕ್ಕಿತು.

ಬೆಳಗಿನ ತಿಂಡಿಗೆ ಚೀಸ್, ಮೊಸರು, ಹಣ್ಣು ಎಲ್ಲವೂ ಇತ್ತು, ನಮಗೆ ಬೇಕಾದ ಬಿಸಿನೀರು ಮಾತ್ರ ಕೇಳಿ ತರಿಸಿಕೊಳ್ಳಬೇಕಾಯಿತು. ಆಮೇಲೆ ಹೋಟೆಲಿನ ಸಭಾಕೊಠಡಿಯಲ್ಲಿ ಸ್ವರಾಭ್ಯಾಸ. ಹತ್ತರಿಂದ ಒಂದರವರೆಗೆ ಊರು ಸುತ್ತಾಟ. ಹಳೆಯ ಊರು ಚಿಕ್ಕದು, ನಡೆದೇ ಮುಗಿಸಬಹುದು. ಬೀದಿಯಲ್ಲಿ ಗಟ್ಟಿಯಾಗಿ ಮಾತನಾಡಬಾರದೆಂಬ ಅಪ್ಪಣೆ ಇತ್ತು. ಮೇಲಿನ ದನಿ ಹಾಡುವ ಸೊಪ್ರಾನೊಗಳಂತೂ ಆ ಬಿಸಿಲಿನಲ್ಲೂ ಕತ್ತಿಗೆ ಶಾಲು ಸುತ್ತಿಕೊಂಡಿದ್ದರು. ಸಂತ ನಿಕೋಲಾಸ್ ಚರ್ಚ್ ಮಾತ್ರ ತಪ್ಪಿಸಬೇಡಿ. ಒಳಗಿನ ಬಿಳಿ ಕಂಬಗಳ ತುದಿಯಲ್ಲಿ ತಾಳೆಗರಿಗಳು ಬಿಚ್ಚಿಕೊಂಡಿವೆ. ಸೋಮವಾರದ ಪ್ರಾರ್ಥನೆಗಳು ಅಲ್ಲಿಯೇ ನಡೆಯುತ್ತಿದ್ದವು. 1989ರ ಅಕ್ಟೋಬರ್ 9ರಂದು ಪ್ರಾರ್ಥನೆಯ ನಂತರ ಆಗಿನ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಆಡಳಿತದ ವಿರುದ್ಧ ಸುಮಾರು ಎಪ್ಪತ್ತು ಸಾವಿರ ಜನ ಬೀದಿಗಿಳಿದರು, ಮುಂದಿನ ತಿಂಗಳ ಅದೇ ತಾರೀಕಿಗೆ ಬರ್ಲಿನ್ ಗೋಡೆ ತೆರೆಯಿತು.

ಬೇಕರಿಯಲ್ಲಿ ಲಾರ್ಕ್ ಹಕ್ಕಿಯ ಹೆಸರಿನ ತಿನಿಸೊಂದು ಸಿಗುತ್ತದೆ. ಒಳಗೆ ಹಕ್ಕಿಯ ಮಾಂಸವಿದೆಯೆಂದು ಹೆದರಬೇಕಿಲ್ಲ: 1876ರಲ್ಲಿ ಆ ಹಕ್ಕಿಯ ಬೇಟೆ ನಿಷೇಧವಾದ ಮೇಲೆ ಈಗ ಒಳಗಿರುವುದು ಬಾದಾಮಿ ಹೂರಣ. ಬಾದಾಮಿಯ ಚೂರು ಗಂಟಲಿಗೆ ಅಂಟುತ್ತದೆಂದು ಹಾಡುವ ಮೊದಲು ತಿನ್ನಲು ಬಿಡಲಿಲ್ಲ. ಕೊಂಡು ಚೀಲಕ್ಕೆ ಹಾಕಿಕೊಂಡೆ.

ನಾಲ್ಕಕ್ಕೆ ಥಾಮಸ್ ಚರ್ಚ್‌ನ ಪಶ್ಚಿಮದ ಗ್ಯಾಲರಿ, ಅಂದರೆ ಜನ ಕೂರುವ ಜಾಗದ ಹಿಂದಿನ ಮಹಡಿ, ಹತ್ತಿದೆವು. ನನ್ನ ಮಟ್ಟಿಗೆ ನಿಜವಾದ ಪ್ರವಾಸ ಅಲ್ಲಿಂದ ಶುರುವಾಯಿತು. ಬೆಂಗಳೂರಿನಲ್ಲಿ ನಾವು ಅಭ್ಯಾಸ ಮಾಡುವುದು ಶಾಲೆಯೊಂದರ ಸಭಾಂಗಣದಲ್ಲಿ: ತಲೆಯ ಮೇಲೆ ಫ್ಯಾನು, ಹೊರಗೆ ಹಾರ್ನು, ಹಾಡಿದ್ದು ಹಾಡಿದಲ್ಲೇ ಸತ್ತುಹೋಗುತ್ತದೆ. ಥಾಮಸ್ ಚರ್ಚ್‌ನಲ್ಲಾದರೋ ಹಿಂದಿನ ಸ್ವರ ಆರುವ ಮೊದಲೇ ಮುಂದಿನದನ್ನು ಹಿಡಿದರೆ ಎರಡೂ ಕಲಸಿಹೋಗುತ್ತವೆ. ನಿರ್ದೇಶಕರು ಕಾಲಪ್ರಮಾಣವನ್ನು ಇಳಿಸಿದರು. ಪದದ ಕೊನೆಯ ‘ತ್’, ‘ಸ್’ಗಳನ್ನು ಎಲ್ಲರೂ ಒಂದೇ ಗಳಿಗೆಗೆ ಉಚ್ಚರಿಸುವಂತೆ ಮತ್ತೆ ಮತ್ತೆ ಹಾಡಿಸಿದರು. ನಮ್ಮಲ್ಲಿ ಅರ್ಧ ಜನರನ್ನು ಕೆಳಗೆ ಕಳುಹಿಸಿ ಕೇಳಿಸಿಕೊಳ್ಳಲು ಹೇಳಿದರು. ವಾದ್ಯವಿಲ್ಲದೆ ಹಾಡುವಾಗ ಶ್ರುತಿ ಇಳಿಯುವುದು ನಮ್ಮ ಹಳೆಯ ರೋಗ; ಬೆನ್ನಿಗೆ ತಂಬೂರಿ ಇರುವುದಿಲ್ಲವಲ್ಲ. ಅಲ್ಲಿ ನಮ್ಮದೇ ದನಿ ಕಮಾನಿನಿಂದ ಮರಳಿ ಬಂದು ಆಧಾರವಾಯಿತು. ಕ್ಯಾಮೆರಾ ಹಿಡಿದು ಬಂದವರಿಗೆ ಕಟ್ಟಡದ ಈ ಗುಣ ತಿಳಿಯುವ ಬಗೆಯೇ ಇಲ್ಲ.

ಆರಕ್ಕೆ ನಡೆದದ್ದು ಕಛೇರಿಯಲ್ಲ, ಪ್ರಾರ್ಥನೆ. ನಡುವೆ ಕಿರು ಪ್ರವಚನ, ಎಲ್ಲರೂ ಸೇರಿ ಹಾಡುವ ಸ್ತುತಿಗೀತೆ. ನಮ್ಮನ್ನು ನೋಡಬೇಕೆಂದರೆ ಜನ ಕತ್ತು ತಿರುಗಿಸಬೇಕು, ಹೆಚ್ಚಿನವರು ತಿರುಗಿಸಲಿಲ್ಲ. ನಮಗೆದುರಾಗಿ ಇನ್ನೊಂದು ತುದಿಯಲ್ಲಿ, 1950ರಲ್ಲಿ ಅಲ್ಲಿಗೆ ತಂದಿಟ್ಟ ಬಾಖ್ ಸಮಾಧಿ. ಅವರ ಮೊಟೆಟ್ (ಕಾಯರ್‌ಗೆಂದು ಬರೆದ ಭಕ್ತಿ ರಚನೆ) ಅನ್ನು ಅವರೆದುರೇ ಹಾಡುವುದೆಂದರೆ ಮೊದಲ ಸಾಲಿಗೆ ನನ್ನ ಬಾಯಿ ಒಣಗಿತ್ತು.

ಇನ್ನು ನಿಮಗೆ ಉಪಯೋಗಕ್ಕೆ ಬರುವ ಮಾತು. ಸೀರೆ ಉಟ್ಟು ಹಾಡುವುದಾದರೆ ಪಿನ್ನುಗಳನ್ನು ಹೆಚ್ಚಾಗಿಯೇ ಒಯ್ಯಿರಿ. ಅಷ್ಟು ಹೆಂಗಸರಿಗೆ ನಮಗೆ ಸಿಕ್ಕಿದ್ದು ಒಂದೇ ಕನ್ನಡಿ. ಚಪ್ಪಲಿ ಹಳೆಯದೇ ಇರಲಿ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಹಾಡು ಮುಗಿದ ಮೇಲೂ ಸುತ್ತಬಹುದು. ವಸ್ತುಸಂಗ್ರಹಾಲಯಗಳನ್ನು ನೋಡುವ ಆಸೆಯಿದ್ದರೆ ಹಾಡುವುದಿಲ್ಲದ ಒಂದು ದಿನವನ್ನು ಕೊಡುವಂತೆ ಸಂಘಟಕರನ್ನು ಈಗಲೇ ಕೇಳಿ, ಟಿಕೆಟ್ ಆದ ಮೇಲೆ ಯಾರೂ ಒಪ್ಪುವುದಿಲ್ಲ.